ಮನೆ ಮಾರಿ ತೆಗೆದ ಸಿನಿಮಾ, ಆಮೇಲಿನ ಎಪಿಸೋಡುಗಳು

(ಹಾಸನದಲ್ಲಿ ಚಿತ್ರ ಪ್ರದರ್ಶನಕ್ಕೆ ಮುಂಚೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ.

ಕರೆಯೋಲೆಯಲ್ಲಿ ‘ಅಮೆರಿಕದ ಮಹಿಳಾ ನಿರ್ದೇಶಕಿ’ ಅಂತ ಅಚ್ಚಾಗಿದೆ. ನಿರ್ದೇಶಕಿ ಅಂದಮೇಲೆ ಮಹಿಳೆಯೇ ತಾನೆ? ನಾನು ಬರೆದುಕೊಟ್ಟದ್ದು ‘ಲೆಸ್ಬಿಯನ್ ನಿರ್ದೇಶಕಿ’ ಅಂತ. ಸಂಘಟಕರು ಫೋನ್ ಮಾಡಿ, “ಮೇಡಂ, ಮನೆಮನೆಗೆ ಹೋಗೋ ಕಾರ್ಡು, ಆ ಪದ ಬೇಡ. ವೇದಿಕೆ ಮೇಲೆ ಎಷ್ಟು ಸಲ ಬೇಕಾದ್ರೂ ಹೇಳಿ” ಅಂದರು. ಸರಿ, ಹೇಳಿಬಿಡುತ್ತೇನೆ. ಡೊನಾ ಡೈಚ್ ಲೆಸ್ಬಿಯನ್. ಹೆಣ್ಣನ್ನು ಪ್ರೀತಿಸುವ ಹೆಣ್ಣು. ಅವರು ಮಾಡಿದ ‘ಡೆಸರ್ಟ್ ಹಾರ್ಟ್ಸ್’ ಇವತ್ತು ನಾವು ನೋಡಲಿರುವ ಸಿನಿಮಾ.

ಹುಟ್ಟಿದ್ದು 1945ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಮೊದಮೊದಲು ಸಾಕ್ಷ್ಯಚಿತ್ರ ಮಾಡಿದರು. ಆಮೇಲೆ ಜೇನ್ ರೂಲ್ ಎಂಬ ಲೇಖಕಿಯ 1964ರ ಕಾದಂಬರಿಯೊಂದು ಅವರನ್ನು ಹಿಡಿದುಕೊಂಡಿತು. ಊರಿನ ಹೆಂಗಸು ಬರೆದ ಕತೆ ತೆರೆಗೆ ಬಂದರೆ ಹೇಗಿರುತ್ತದೆ ಅಂತ ಹಾಸನದವರಿಗೆ ಹೇಳಬೇಕಾಗಿಲ್ಲ. ನಮ್ಮ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಾಸರವಳ್ಳಿಯವರ ಕೈಯಲ್ಲಿ ‘ಹಸೀನಾ’ ಆಯಿತಲ್ಲ, ಆ ಪಾತ್ರಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತಲ್ಲ.

ಕತೆ ಸರಳ. 1959. ನ್ಯೂಯಾರ್ಕಿನ ಇಂಗ್ಲಿಷ್ ಪ್ರೊಫೆಸರ್ ವಿವಿಯನ್ ವಿಚ್ಛೇದನಕ್ಕಾಗಿ ನೆವಾಡಾ ರಾಜ್ಯದ ರೀನೋ ಊರಿಗೆ ರೈಲಿನಲ್ಲಿ ಬಂದಿಳಿಯುತ್ತಾಳೆ. ಅಷ್ಟು ದೂರ ಯಾಕೆ ಅಂದರೆ, ಅಲ್ಲಿ ಆರು ವಾರ ವಾಸ ಮಾಡಿದರೆ ಸಾಕು, ಕೋರ್ಟಿಗೆ ಹೋಗಬಹುದು. 1931ರಿಂದಲೇ ಅಲ್ಲಿನ ಕಾನೂನು ಹಾಗೆ. (ನಗಬೇಡಿ, ನಮ್ಮಲ್ಲಿ ಆರು ವಾರಕ್ಕೆ ಮುಂದಿನ ದಿನಾಂಕವೂ ಸಿಗುವುದಿಲ್ಲ ಅಂತ ಇಲ್ಲಿ ಕೂತಿರುವ ವಕೀಲರಿಗೂ ಗೊತ್ತು.) ಆ ಆರು ವಾರದಲ್ಲಿ ಅವಳಿಗೆ ಸಿಗುವವಳು ಕೇ, ಕ್ಯಾಸಿನೊದಲ್ಲಿ ಕೆಲಸ ಮಾಡುವ ಹುಡುಗಿ. ಕೇ ತೆರೆಯ ಮೇಲೆ ಬರುವುದನ್ನೇ ನೋಡಿ: ಎದುರಿನಿಂದ ಕಾರಲ್ಲಿ ಬಂದವಳು ಗಾಡಿ ನಿಲ್ಲಿಸುವುದೇ ಇಲ್ಲ, ವಿವಿಯನ್ ಕೂತಿರುವ ಕಾರಿನ ಪಕ್ಕದಲ್ಲೇ ರಿವರ್ಸ್ ಗೇರಿನಲ್ಲಿ ಓಡಿಸುತ್ತ ಮಾತಾಡುತ್ತಾಳೆ. ಇವಳು ಎಂಥವಳು ಅಂತ ತಿಳಿಸುವುದಕ್ಕೆ ಡೈಚ್ ಅವರಿಗೆ ಇನ್ನೊಂದು ಡೈಲಾಗು ಬೇಕಾಗಲಿಲ್ಲ.

ಈಗ ದುಡ್ಡಿನ ವಿಷಯಕ್ಕೆ ಬರುತ್ತೇನೆ. ಸಿನಿಮಾದವರ ಕತೆ ಹೇಳುವಾಗ ಕಲೆಯ ಮಾತು ಮುಂದೆ ಬಂದು ದುಡ್ಡು ಹಿಂದೆ ಸರಿಯುತ್ತದೆ. ನನ್ನ ಪ್ರಕಾರ ಈ ಹೆಂಗಸಿನ ಕತೆಯೇ ದುಡ್ಡಿನದು. ಬೇಕಾಗಿದ್ದದ್ದು ಸುಮಾರು 15 ಲಕ್ಷ ಡಾಲರ್. ಯಾವ ದೊಡ್ಡ ಸ್ಟುಡಿಯೊವನ್ನೂ ನಂಬಿಕೊಳ್ಳದೆ ಪಾಲು ಪಾಲಾಗಿ ಷೇರು ಮಾಡಿ ಒಬ್ಬೊಬ್ಬರಿಗೇ ಮಾರಿದರು. ಎರಡು ವರ್ಷಕ್ಕೂ ಹೆಚ್ಚು ಅದೇ ಓಡಾಟ. ನಾವು ಚೀಟಿ ಹಾಕುತ್ತೇವಲ್ಲ, ಅದಕ್ಕಿಂತ ಕಷ್ಟ. ಚೀಟಿಯಾದರೆ ದುಡ್ಡು ಕೈಗೆ ಬರುವ ತಿಂಗಳಾದರೂ ಗೊತ್ತಿರುತ್ತದೆ. ಕನ್ನಡದಲ್ಲಿ ಜನರಿಂದಲೇ ಹಣ ಎತ್ತಿ ಮಾಡಿದ ‘ಲೂಸಿಯಾ’ ಬಂದದ್ದು 2013ರಲ್ಲಿ. ಇವರು ಇಂಟರ್ನೆಟ್ ಇಲ್ಲದ ಕಾಲದಲ್ಲಿ, ಇಬ್ಬರು ಹೆಂಗಸರ ಪ್ರೇಮದ ಕತೆಗೆ, ಅಪರಿಚಿತರ ಮನೆಗಳಲ್ಲಿ ಕೂತು ದುಡ್ಡು ಕೇಳಿದರು.

ಅದೂ ಸಾಲಲಿಲ್ಲ. ಐವತ್ತರ ದಶಕದ ಹಾಡುಗಳು ಬೇಕು, ಹಕ್ಕಿನ ಬೆಲೆ ಜಾಸ್ತಿ. ತಮ್ಮ ಮನೆಯನ್ನೇ ಮಾರಿದರು. ಸೈಟು ಮಾರಿ, ಹೆಂಡತಿಯ ಒಡವೆ ಅಡ ಇಟ್ಟು ಸಿನಿಮಾ ಮಾಡಿದ ನಿರ್ಮಾಪಕರನ್ನು ಗಾಂಧಿನಗರದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಹಾಡಿಗಾಗಿ ಮನೆ ಮಾರಿದವರನ್ನು ಕಂಡಿಲ್ಲ. ಸೋಜಿಗ ನೋಡಿ, ಆ ಇಬ್ಬರೂ ಮೊದಲ ಸಲ ಜೊತೆಯಾಗುವ ದೀರ್ಘ ದೃಶ್ಯದಲ್ಲಿ ಹಾಡು ಹೋಗಲಿ, ಹಿನ್ನೆಲೆ ಸಂಗೀತವೂ ಇಲ್ಲ. ಉಸಿರು ಮಾತ್ರ ಕೇಳಿಸುತ್ತದೆ. ನಿಮ್ಮಲ್ಲಿ ಕೆಲವರಿಗೆ ಆ ಹೊತ್ತು ಮುಜುಗರ ಆಗಬಹುದು. ಆಗಲಿ. ಎದ್ದು ಹೋಗಬೇಡಿ, ಅಷ್ಟೆ.

1985ರಲ್ಲಿ ಚಿತ್ರ ಮುಗಿಯಿತು, ಮರುವರ್ಷ ಅಮೆರಿಕದ ಥಿಯೇಟರುಗಳಿಗೆ ಬಂತು. ಅದೇ 1986ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಸಲಿಂಗಿಗಳ ಖಾಸಗಿ ಸಂಬಂಧವನ್ನೂ ಅಪರಾಧವೆನ್ನುವ ಜಾರ್ಜಿಯಾದ ಕಾನೂನನ್ನು ಎತ್ತಿಹಿಡಿಯಿತು. ಅದನ್ನೇ ಅಪರಾಧವೆನ್ನುತ್ತಿದ್ದ ನಮ್ಮ 377ನೇ ಕಲಮಿಗೆ ಕಡಿವಾಣ ಬಿದ್ದದ್ದು 2018ರ ಸೆಪ್ಟೆಂಬರ್ 6ರಂದು. 1986ರಂಥ ಕಾಲದಲ್ಲಿ ಬಂದ ಈ ಚಿತ್ರದಲ್ಲಿ ಯಾರೂ ನೇಣು ಹಾಕಿಕೊಳ್ಳುವುದಿಲ್ಲ. ಹುಡುಗಾಟಕ್ಕೆ ಹೇಳುತ್ತಿಲ್ಲ, 1961ರ ಹೆಸರಾಂತ ಹಾಲಿವುಡ್ ಚಿತ್ರವೊಂದರಲ್ಲಿ ಇಂಥ ಹೆಣ್ಣಿನ ಗತಿ ನೇಣೇ ಆಗಿತ್ತು.

ಒಳ್ಳೆಯ ಹೆಸರು ಬಂತು. ಎರಡನೇ ಚಿತ್ರಕ್ಕೆ ಬಾಗಿಲು ತೆರೆಯಬೇಕಿತ್ತು. ತೆರೆದ ಬಾಗಿಲು ಟೀವಿಯದು, ತೆರೆದವರು ಅಲ್ಲಿನ ಹೆಸರಾಂತ ಟೀವಿ ನಿರೂಪಕಿ ಓಪ್ರಾ ವಿನ್‌ಫ್ರಿ. ಗ್ಲೋರಿಯಾ ನೇಯ್ಲರ್ ಕಾದಂಬರಿಯನ್ನು ಆಧರಿಸಿದ ‘ದಿ ವಿಮೆನ್ ಆಫ್ ಬ್ರೂಸ್ಟರ್ ಪ್ಲೇಸ್’ 1989ರಲ್ಲಿ ಎರಡು ಕಂತಾಗಿ ಅಮೆರಿಕದ ಎಬಿಸಿ ಚಾನೆಲ್ಲಿನಲ್ಲಿ ಬಂತು. ಒಂದೇ ವಠಾರದಂಥ ಕಟ್ಟಡ, ಅದರಲ್ಲಿ ಕಪ್ಪು ಹೆಂಗಸರ ಸಂಸಾರಗಳು, ಅವರ ನಡುವೆ ಒಂದು ಲೆಸ್ಬಿಯನ್ ಜೋಡಿಯೂ. ಸಿನಿಮಾಕ್ಕೆ ಟಿಕೆಟ್ ತೆಗೆದುಕೊಂಡು ಹೋಗುವವರು ಬೇರೆ. ಇದು ಊಟದ ಹೊತ್ತಿಗೆ ನಡುಮನೆಗೇ ಬಂತು.

ಅಲ್ಲಿಂದ ಮುಂದೆ ‘ಎನ್‌ವೈಪಿಡಿ ಬ್ಲೂ’, ‘ಇಆರ್’ನಂಥ ಸರಣಿಗಳ ಎಪಿಸೋಡುಗಳು. ಯೆಹೂದಿಗಳ ನರಮೇಧದ ಬಗ್ಗೆ ಮಕ್ಕಳಿಗಾಗಿ ಮಾಡಿದ ‘ದಿ ಡೆವಿಲ್ಸ್ ಅರಿತ್‌ಮೆಟಿಕ್’ಗೆ ಟೀವಿಯವರಿಗೆ ಕೊಡುವ ಎಮ್ಮಿ ಪ್ರಶಸ್ತಿ ಬಂತು. ಇವರ ಬಗ್ಗೆ ಬರೆಯುವವರು ‘ಒಂದು ದೊಡ್ಡ ಸಿನಿಮಾ ಮಾಡಿ ಟೀವಿಯಲ್ಲಿ ಕಳೆದುಹೋದರು’ ಅಂತ ಮುಗಿಸಿಬಿಡುವುದುಂಟು. ನನಗೆ ಅಲ್ಲೇ ಸಿಟ್ಟು ಬರುವುದು. ನಾನೂ ಬೆಂಗಳೂರಿನ ಧಾರಾವಾಹಿ ಸೆಟ್ಟುಗಳಲ್ಲಿ ಹನ್ನೊಂದು ವರ್ಷ ಮೊದಲು ಅಸಿಸ್ಟೆಂಟ್, ಆಮೇಲೆ ಎಪಿಸೋಡ್ ಡೈರೆಕ್ಟರ್ ಆಗಿ ದುಡಿದವಳು. ಆ ಕೆಲಸ ಏನು ಅಂತ ಗೊತ್ತು. ಪಾತ್ರಗಳು ನಿನ್ನವಲ್ಲ, ಸೆಟ್ಟು ನಿನ್ನದಲ್ಲ, ನಟರಿಗೆ ಪಾತ್ರ ನಿನಗಿಂತ ಚೆನ್ನಾಗಿ ಗೊತ್ತು. ಬೆಳಿಗ್ಗೆಯೇ ಬ್ಯಾಂಕಿಂಗ್ ಇಲ್ಲ, ಅಂದರೆ ಮುಂದಿನ ದಿನಗಳಿಗೆ ಮುಗಿಸಿಟ್ಟ ಎಪಿಸೋಡುಗಳಿಲ್ಲ ಅಂತ ಚಾನೆಲ್ಲಿನಿಂದ ಫೋನು. ಆದರೂ ದಿನಕ್ಕೆ ಇಷ್ಟು ಸೀನು ಮುಗಿಸಬೇಕು, ಹಾಗೆ ಮುಗಿಸುವಾಗಲೂ ಎಲ್ಲೋ ಒಂದು ಕ್ಲೋಸಪ್ಪಿನಲ್ಲಿ ನಿನ್ನ ಕಣ್ಣು ಕಾಣಬೇಕು. ಅಮೆರಿಕದಲ್ಲಿ ಸ್ವಲ್ಪ ಸಮಯ ಹೆಚ್ಚು ಕೊಡುತ್ತಾರೆ, ವಾರವೋ ಹತ್ತು ದಿನವೋ. ಮಿಕ್ಕದ್ದೆಲ್ಲ ಒಂದೇ. ದಶಕಗಟ್ಟಲೆ ಮತ್ತೆ ಮತ್ತೆ ಕರೆಸಿಕೊಂಡರು ಅಂದರೆ ಕೆಲಸ ಗೊತ್ತಿತ್ತು ಅಂತ ಅರ್ಥ, ಕಳೆದುಹೋದರು ಅಂತ ಅಲ್ಲ.

ಹಾಗಂತ ಎಲ್ಲ ಸರಿಯಿತ್ತು ಅಂತಲೂ ನಾನು ಹೇಳಲಾರೆ. ಈ ಚಿತ್ರದ ಕ್ಯಾಮೆರಾಮನ್ ರಾಬರ್ಟ್ ಎಲ್ಸ್‌ವಿಟ್. ಒಂದೇ ಸೆಟ್ಟು, ಒಂದೇ ಮರುಭೂಮಿಯ ಬಿಸಿಲು. ಅವರು ಮುಂದೆ ದೊಡ್ಡ ದೊಡ್ಡ ಚಿತ್ರಗಳಿಗೆ ಹೋಗಿ ಆಸ್ಕರ್ ಗೆದ್ದರು, ಅರ್ಹರೇ. ಅವರ ಪಕ್ಕದಲ್ಲಿ ನಿಂತು ‘ಆ್ಯಕ್ಷನ್’ ಹೇಳಿದವರಿಗೆ ಮಾತ್ರ ಎಪಿಸೋಡು. ಇನ್ನೊಂದು ತಮಾಷೆ: ವಿವಿಯನ್ ಪಾತ್ರ ಮಾಡಿದ ಹೆಲೆನ್ ಶೇವರ್ ಕೂಡ ಆಮೇಲೆ ನಿರ್ದೇಶಕಿಯಾದರು. ಎಲ್ಲಿ? ಟೀವಿಯಲ್ಲೇ.

ಬೇಲೂರು, ಅರಕಲಗೂಡು ಕಡೆಯವರಿಗೆ ಕೊನೇ ಬಸ್ಸಿನ ಚಿಂತೆ ಇದೆ ಅಂತ ಸಂಘಟಕರು ಸನ್ನೆ ಮಾಡುತ್ತಿದ್ದಾರೆ. ಸಿನಿಮಾ ಒಂದೂವರೆ ಗಂಟೆ. ಕೊನೆಗೆ ಮತ್ತೆ ರೈಲ್ವೆ ಸ್ಟೇಷನ್ ಬರುತ್ತದೆ. ವಿಚ್ಛೇದನ ಮುಗಿದಿದೆ, ವಿವಿಯನ್ ಹೊರಟಿದ್ದಾಳೆ. ಕೇ ಜೊತೆಗೆ ಬರಲಾರೆ ಅನ್ನುತ್ತಾಳೆ. ಆಗ ವಿವಿಯನ್ ಜೀವನಪೂರ್ತಿ ಬಾ ಅನ್ನುವುದಿಲ್ಲ. ನಮ್ಮ ಲೆಕ್ಕದಲ್ಲಿ ಹಾಸನದಲ್ಲಿ ಹತ್ತು, ಅರಸೀಕೆರೆಯಲ್ಲಿ ಇಳಿದುಬಿಡು, ಅಲ್ಲಿಯವರೆಗಾದರೂ ಬಾ, ಅಷ್ಟೇ ಕೇಳುತ್ತಾಳೆ. ರೈಲು ಆಗಲೇ ಕದಲುತ್ತಿರುತ್ತದೆ.

ಲೈಟ್ ಆರಿಸಿ.