ಬಳ್ಳಾರಿ ಬಿಸಿಲಲ್ಲಿ ಆರ್ಕಿಡ್

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಮೂರು ಗಿಡ ಸಾಯಿಸಿದ ಮೇಲೆ ಆರ್ಕಿಡ್ ಕಲಿತವಳು ನಾನು. ಮೊದಲ ಎರಡು ಹೋದಾಗ ಬಿಸಿಲನ್ನು ಬೈದೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯಲ್ಲಿ ಇನ್ನೇನಾಗುತ್ತೆ, ಅಲ್ವಾ? ಮೂರನೆಯದು ಸತ್ತದ್ದು ಡಿಸೆಂಬರ್‌ನಲ್ಲಿ. ಕುಂಡ ಬೋರಲು ಹಾಕಿ ನೋಡಿದರೆ ಬೇರೆಲ್ಲ ಕಂದಾಗಿ, ಕೊಳೆತು, ಮುಟ್ಟಿದರೆ ಸಿಪ್ಪೆ ಕೈಗೆ ಬರುತ್ತಿತ್ತು. ದಿನಾ ತುಳಸಿಗೆ ಹಾಕಿದ ಹಾಗೆ ಅದಕ್ಕೂ ಒಂದು ಚೊಂಬು ನೀರು ಹಾಕುತ್ತಿದ್ದೆ. ಅದೂ ಕೆಂಪು ಮಣ್ಣು ತುಂಬಿದ ಕುಂಡಕ್ಕೆ!

ನರ್ಸರಿಯಲ್ಲಿ ಸಿಗುವ ಆರ್ಕಿಡ್‌ಗಳಾದ ಫಲೆನಾಪ್ಸಿಸ್, ಡೆಂಡ್ರೋಬಿಯಂ ಎರಡೂ ಮರದ ಮೇಲೆ ಬದುಕುವ ಜಾತಿಯವು. ಮಲೆನಾಡಿನ ಕಾಡು ಆರ್ಕಿಡ್ ಸೀತಾಳೆ ದಂಡೆ ನೋಡಿದವರಿಗೆ ಇದು ಗೊತ್ತಿರುತ್ತೆ. ಬದನಿಕೆಯ ಹಾಗೆ ಅವು ಮರದ ರಸ ಹೀರುವುದಿಲ್ಲ. ಸುಮ್ನೆ ಆಸರೆಗೆ ತಬ್ಬಿಕೊಂಡಿರುತ್ತವೆ. ಮಳೆ ಬಂದರೆ ಬೇರು ನೆನೆಯುತ್ತೆ, ಗಾಳಿ ಬೀಸಿದರೆ ಆರುತ್ತೆ. ಮಣ್ಣಲ್ಲಿ ಹೂತರೆ ಗಾಳಿಯಿಲ್ಲದೆ ಕೊಳೆಯುತ್ತೆ. ಅದಕ್ಕೇ ಇದ್ದಿಲು, ಇಟ್ಟಿಗೆ ಚೂರು, ಮರದ ತೊಗಟೆ, ಸ್ವಲ್ಪ ತೆಂಗಿನ ಸಿಪ್ಪೆ ಹಾಕುವುದು. ಕುಂಡಕ್ಕೆ ತೂತು ಜಾಸ್ತಿ ಇದ್ದಷ್ಟೂ ಒಳ್ಳೆಯದು.

ಎಲ್ಲರೂ ಕೇಳುವ ಪ್ರಶ್ನೆ, ‘ಮೇಡಂ, ವಾರಕ್ಕೆ ಎಷ್ಟು ಸಲ ನೀರು?’ ಕ್ಯಾಲೆಂಡರ್ ನೋಡಬೇಡಿ, ಬೇರು ನೋಡಿ. ಬೇರಿನ ಮೇಲೆ ಸ್ಪಂಜಿನಂಥ ಪದರ ಇರುತ್ತೆ. ಒಣಗಿದಾಗ ಬೆಳ್ಳಿಯಂಥ ಬಿಳಿ, ನೀರು ಕುಡಿದಾಗ ಹಸಿರು. ಹಸಿರಿದ್ದರೆ ಕೈ ಕಟ್ಟಿ ಕೂತುಕೊಳ್ಳಿ. ಫಲೆನಾಪ್ಸಿಸ್‌ಗೆ ಪಾರದರ್ಶಕ ಪ್ಲಾಸ್ಟಿಕ್ ಕುಂಡ ಕೊಡುವುದು ಇದಕ್ಕೇ ಅನುಕೂಲ. ಮೇನಲ್ಲಿ ಇಟ್ಟಿಗೆ, ಇದ್ದಿಲಿನ ಕುಂಡ ಒಂದೇ ದಿನಕ್ಕೆ ಒಣಗಬಹುದು. ಮಳೆಗಾಲದಲ್ಲಿ ವಾರ ಹಿಡಿಯಬಹುದು. ನೀರು ಬೆಳಿಗ್ಗೆ ಹಾಕಿ. ಫಲೆನಾಪ್ಸಿಸ್‌ನ ನಡುವೆ, ಎಲೆಗಳು ಕೂಡುವ ಸುಳಿಯಲ್ಲಿ ನೀರು ನಿಂತರೆ ಬಟ್ಟೆಯಿಂದ ಒರೆಸಿ. ಸುಳಿ ಕೊಳೆತರೆ ಗಿಡ ಉಳಿಯುವುದು ಕಷ್ಟ.

ಇನ್ನು ನಮ್ಮ ಬೋರ್ ನೀರು. ಬಕೆಟ್ಟಿಗೆ ಬಿಳಿ ಕಲೆ ಕೂರಿಸುವ ನೀರು ಬೇರಿನ ಮೇಲೂ ಅದನ್ನೇ ಮಾಡುತ್ತೆ, ತುದಿ ಸುಟ್ಟ ಹಾಗೆ ಕರಕಲಾಗುತ್ತೆ. ಮಳೆ ನೀರು ಹಿಡಿದಿಡಿ. ಇಲ್ಲವಾದರೆ ಆರ್‌ಓ ಫಿಲ್ಟರಿನ ಕುಡಿಯುವ ನೀರು ಆಗುತ್ತೆ. ಉಳಿತಾಯ ಅಂತ ಫಿಲ್ಟರ್ ಹೊರಗೆ ಬಿಡುವ ನೀರನ್ನು ಹಾಕಬೇಡಿ. ತೆಗೆದ ಉಪ್ಪೆಲ್ಲ ಅದರಲ್ಲೇ ಸೇರಿರುತ್ತೆ. ನಾನು ಒಂದು ತಿಂಗಳು ಆ ಜಾಣತನವನ್ನೂ ಮಾಡಿದ್ದೇನೆ.

ಹೊಸಬರು ಡೆಂಡ್ರೋಬಿಯಂ ತಗೊಳ್ಳಿ. ಸೆಖೆ ತಡೆಯುತ್ತೆ. ಮಾಳಿಗೆಯ ಮೇಲೆ ಬೇಡ, ಬೆಳಗಿನ ಎಳೆ ಬಿಸಿಲು ಬರುವ ವರಾಂಡದಲ್ಲಿ ಹಸಿರು ನೆಟ್ ಕೆಳಗೆ ತೂಗುಹಾಕಿ. ಎಲೆ ಉದುರಿದ ಹಳೇ ಕಾಂಡವನ್ನು ಕತ್ತರಿಸಬೇಡಿ, ಹಸಿರಿರುವ ತನಕ ಅದು ಗಿಡದ ಬುತ್ತಿ. ಫಲೆನಾಪ್ಸಿಸ್ ಮನೆಯೊಳಗೆ, ಕೂಲರ್ ಇರುವ ಕೋಣೆಯಲ್ಲಿ ಖುಷಿಯಾಗಿರುತ್ತೆ. ಗಾಳಿ ನೇರವಾಗಿ ಮಾತ್ರ ಬಡಿಯಬಾರದು. ಡಿಸೆಂಬರ್, ಜನವರಿಯ ರಾತ್ರಿ ಚಳಿ ಬಿದ್ದ ಮೇಲೆ ಅದು ಹೂದಂಟು ಬಿಡುತ್ತೆ. ಬಳ್ಳಾರಿಯ ಪುಟ್ಟ ಚಳಿ ಅದಕ್ಕೆ ಸಾಕು.

ಮತ್ತೆ, ಮಳೆಗಾಲದಲ್ಲಿ ಸಂಡೂರು ಗುಡ್ಡಕ್ಕೆ ಹೋಗುತ್ತೀರಲ್ಲ, ಮರದ ಮೇಲೆ ಆರ್ಕಿಡ್ ಕಂಡರೆ ಕಿತ್ತು ತರಬೇಡಿ. ಅದರ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಬುತ್ತಿ ಇರುವುದಿಲ್ಲ. ತಕ್ಕ ಶಿಲೀಂಧ್ರ ಸಿಕ್ಕರಷ್ಟೇ ಕಾಡಲ್ಲಿ ಮೊಳೆಯುತ್ತೆ. ಕಿತ್ತ ಗಿಡದ ಜಾಗಕ್ಕೆ ಇನ್ನೊಂದು ಬರುವುದು ಸುಲಭವಲ್ಲ.

ನೀವು ತಂದಿರುವ ಗಿಡಗಳನ್ನು ಮೇಜಿನ ಮೇಲಿಡಿ. ಕತ್ತರಿ, ಅದನ್ನು ಒರೆಸಲು ಸ್ಪಿರಿಟ್ ಎರಡೂ ಇವೆ. ಒಂದೊಂದಾಗಿ ಕುಂಡದಿಂದ ತೆಗೆದು ಬೇರು ನೋಡೋಣ.