ಎಲುಬಿಗೆ ಸಮಯ ಕೊಡಿ

ಕೇಳುಗರಿಗೆ ನಮಸ್ಕಾರ. ವಿಜಯಪುರದಲ್ಲಿ ಈಗ ಬೆಳಗಿನ ಐದೂವರೆಗೇ ಗೋಳಗುಮ್ಮಟದ ಎದುರಿನ ರಸ್ತೆಯಲ್ಲಿ ಓಡುವವರು ಕಾಣಿಸುತ್ತಾರೆ. ಬ್ಯಾಂಕಿನವರು, ಶಿಕ್ಷಕಿಯರು, ಕಿರಾಣಿ ಅಂಗಡಿಯವರು. ನೋಡಿದರೆ ಮನಸ್ಸು ತುಂಬುತ್ತದೆ. ಅವರಲ್ಲಿ ಅನೇಕರಿಗೆ ಮ್ಯಾರಥಾನ್ ಓಡುವ ಆಸೆ. ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್, ಇಲ್ಲಿಂದ ಹೆಚ್ಚುಕಡಿಮೆ ಬಸವನ ಬಾಗೇವಾಡಿಯವರೆಗಿನ ದೂರ. ನನ್ನ ಬಳಿ ಬಂದವರು ಮೊದಲು ಕೇಳುವುದು ಯಾವ ಬೂಟು ಕೊಳ್ಳಬೇಕು ಎಂದು. ಬೂಟಿನ ಮಾತು ಆಮೇಲೆ ಇರಲಿ. ಉಸಿರು ಬೇಗ ಪಳಗುತ್ತದೆ, ಎಲುಬು ತಡವಾಗಿ ಪಳಗುತ್ತದೆ. ಎಲುಬಿಗೆ ಸಮಯ ಕೊಡಿ.

ಇದನ್ನು ನನಗೆ ಕಲಿಸಿದ್ದು ನನ್ನ ಬಲಗಾಲು. ದೈಹಿಕ ಶಿಕ್ಷಣ ಶಿಕ್ಷಕನಾಗಿ ಮಕ್ಕಳನ್ನು ಓಡಿಸಿದ್ದೆ. ನಾನು ದೂರ ಓಡಿರಲಿಲ್ಲ. ಜನವರಿಯ ಒಂದು ಮ್ಯಾರಥಾನ್‌ಗೆ ಹೆಸರು ಕೊಟ್ಟು ಸೆಪ್ಟೆಂಬರ್‌ನಲ್ಲಿ ಭೂತನಾಳ ಕೆರೆಯ ದಾರಿ ಹಿಡಿದೆ. ಮೊದಲ ವಾರ ಐದು ಕಿಲೋಮೀಟರ್‌ಗೇ ಏದುಸಿರು. ನಾಲ್ಕನೆಯ ವಾರ ಹದಿನೆಂಟು ಓಡಿದರೂ ಆಯಾಸವಿಲ್ಲ! ಆ ಸಂತೋಷದಲ್ಲಿ ಒಂದು ದಿನವೂ ಬಿಡುವು ಕೊಡಲಿಲ್ಲ. ಐದನೆಯ ವಾರ ಮೊಣಕಾಲಿನ ಕೆಳಗೆ, ಒಳಬದಿಯ ಎಲುಬಿನ ಮೇಲೆ ನೋವು. ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ. ಹಾಗಾದರೆ ಏನೂ ಇಲ್ಲ ಎಂದುಕೊಂಡು ಮುಲಾಮು ಹಚ್ಚಿ ಮತ್ತೆ ಹನ್ನೆರಡು ದಿನ ಓಡಿದೆ. ಹದಿಮೂರನೆಯ ದಿನ ಮೆಟ್ಟಿಲು ಇಳಿಯಲಾಗಲಿಲ್ಲ. ಎಂಆರ್‌ಐ ಮಾಡಿಸಿದಾಗ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು. ಇಂಥ ಬಿರುಕು ಮೊದಲ ವಾರಗಳಲ್ಲಿ ಎಕ್ಸ್-ರೇಗೆ ಸಿಗದಿರುವುದೇ ಹೆಚ್ಚು.

ನೀವು ಓಡಲು ತೊಡಗಿದಾಗ ದೇಹ ಹಳೆಯ ಎಲುಬನ್ನು ಅಲ್ಲಲ್ಲಿ ಕರಗಿಸಿ, ಅದೇ ಜಾಗದಲ್ಲಿ ಹೊಸದನ್ನು ಕಟ್ಟುತ್ತದೆ. ಕೆಡವುವ ಕೆಲಸ ಬೇಗ ಮುಗಿಯುತ್ತದೆ. ಕಟ್ಟುವುದಕ್ಕೆ ತಿಂಗಳುಗಳೇ ಬೇಕು. ಉಸಿರು ಹಗುರವಾಗಿ ನಿಮಗೆ ಹುರುಪು ಬಂದ ಹೊತ್ತಿನಲ್ಲೇ ಎಲುಬು ಅರ್ಧ ಕೆಡವಿದ ಗೋಡೆಯ ಹಾಗೆ ನಿಂತಿರುತ್ತದೆ.

ಓಟ ತಪ್ಪಿತು. ಆ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯ ದನದ ಸಂತೆಗೆ ನಮ್ಮ ಕಾಕಾ ಬಂದಿದ್ದರು. ನಾನೂ ಕುಂಟುತ್ತಾ ಅವರ ಹಿಂದೆ ಹೋದೆ. ಒಂದು ಖಿಲಾರಿ ಹೋರಿಯ ಬಾಯಿ ತೆರೆಸಿ ಹಲ್ಲು ನೋಡಿದರು, ಗೊರಸು ಮುಟ್ಟಿದರು, ಹತ್ತು ಹೆಜ್ಜೆ ನಡೆಸಿದರು. ಹುಮ್ಮಸ್ಸಿನ ಹೋರಿ, ಹಗ್ಗ ಹಿಡಿದವನನ್ನೇ ಎಳೆಯುತ್ತಿತ್ತು. "ಈ ವರ್ಷವೇ ಬಂಡಿಗೆ ಕಟ್ಟಬಹುದಲ್ಲ ಕಾಕಾ?" ಎಂದೆ. "ಎರಡೇ ಹಲ್ಲಿನದು, ಇನ್ನೂ ವಯಸ್ಸು ಸಾಲದು, ತಮ್ಮಾ. ಇದು ಎಳೆಯುತ್ತದೆ, ಅದೇ ಭಯ. ಒಂದು ವರ್ಷ ಕುಂಟೆ ಹೊಡೆಯಲಿ" ಎಂದರು. ನನ್ನ ಕಾಲಿನ ವಿಷಯ ಅವರು ಎತ್ತಲೇ ಇಲ್ಲ. ಆದರೆ ಮನೆಗೆ ಬಂದವನೇ ನನ್ನ ಓಟದ ಡೈರಿ ತೆರೆದು, ನಾಲ್ಕು ತಿಂಗಳ ಲೆಕ್ಕವನ್ನು ಹದಿನಾಲ್ಕು ತಿಂಗಳಿಗೆ ಹಂಚಿ ಬರೆದೆ.

ಸಮಯ ಕಡಿಮೆ ಉಳಿದಿದೆ, ಬೇಗ ಹೇಳುತ್ತೇನೆ. ಈ ವಾರ ಹತ್ತು ಕಿಲೋಮೀಟರ್ ಓಡಿದ್ದರೆ ಮುಂದಿನ ವಾರ ಹನ್ನೊಂದು ಸಾಕು. ಪ್ರತಿ ನಾಲ್ಕನೆಯ ವಾರ ದೂರ ಇಳಿಸಿ. ಪಕ್ಕದವರೊಡನೆ ಮಾತನಾಡುತ್ತಾ ಓಡಲಾಗದಿದ್ದರೆ ವೇಗ ಹೆಚ್ಚಾಯಿತು ಎಂದೇ ತಿಳಿಯಿರಿ. ಮಾಂಸಖಂಡದ ನೋವು ಹರಡಿಕೊಂಡಿರುತ್ತದೆ, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಎಲುಬಿನ ಮೇಲೆ ಒಂದು ಬೆರಳಿನಿಂದ ತೋರಿಸಬಹುದಾದ ನೋವಿದ್ದರೆ ಅಂದೇ ಓಟ ನಿಲ್ಲಿಸಿ, ವೈದ್ಯರಿಗೆ ತೋರಿಸಿ. "ಹೆಸರು ಕೊಟ್ಟುಬಿಟ್ಟಿದ್ದೇನೆ ಸರ್" ಎನ್ನಬೇಡಿ. ಆ ಮಾತು ನನಗೆ ಬಹಳ ಬೇಸರ ತರುತ್ತದೆ. ನಮ್ಮ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ. ಬಿಸಿಲೇರುವ ಮೊದಲೇ ಓಟ ಮುಗಿಸಿ, ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಬೂಟಿನ ಬಗ್ಗೆ ಹೇಳಲು ಈಗ ವೇಳೆಯಿಲ್ಲ.

ಭಾನುವಾರ ಬೆಳಿಗ್ಗೆ ನಾವು ಕೆಲವರು ಭೂತನಾಳ ಕೆರೆಯವರೆಗೆ ಹೋಗುತ್ತೇವೆ. ಕಾಲು ನೋಯುತ್ತಿರುವವರೂ ಬನ್ನಿ, ಆದರೆ ನಡೆದುಕೊಂಡು ಬನ್ನಿ. ನಮಸ್ಕಾರ.