ಮೊದಲು ಅನುಕೂಲ, ಆಮೇಲೆ ಬುದ್ಧಿಮಾತು

ಕೇಳುಗರಿಗೆ ನಮಸ್ಕಾರ.

ಕಾಫಿ ಕೊಯ್ಲು ಮುಗಿಯುತ್ತಾ ಬಂದಿದೆ. ಎಲ್ಲರೂ ಹೂಮಳೆಗೆ ಕಾಯುತ್ತಿದ್ದೀರಿ. ಇಂಥ ಹೊತ್ತಿನಲ್ಲಿ ನಾನು ಜೋರು ಮಳೆಯ ಆಟಿ ತಿಂಗಳ ಕಾಯಿಲೆಗಳ ಬಗ್ಗೆ ಮಾತಾಡಲು ಬಂದಿದ್ದೇನೆ. ಇದಕ್ಕೆ ಕಾರಣ ಇದೆ. ಆಟಿಯಲ್ಲಿ ಬರುವ ಕಾಯಿಲೆಯನ್ನು ಆಟಿಯಲ್ಲಿ ತಡೆಯಲು ಆಗುವುದಿಲ್ಲ. ಅದಕ್ಕೆ ಈಗಲೇ ಕೆಲಸ ಶುರು ಮಾಡಬೇಕು.

ನನ್ನ ಕೆಲಸ ಸಾರ್ವಜನಿಕ ಆರೋಗ್ಯ. ಹಾಗಂದರೆ ಏನು ಅಂತ ತುಂಬಾ ಜನ ಕೇಳುತ್ತಾರೆ. ಆಸ್ಪತ್ರೆಯ ಡಾಕ್ಟರು ಎದುರಿಗೆ ಕೂತ ಒಬ್ಬ ರೋಗಿಯನ್ನು ನೋಡುತ್ತಾರೆ. ನಾವು ಇಡೀ ಊರನ್ನು ನೋಡುತ್ತೇವೆ. ಯಾರಿಗೆ ಕಾಯಿಲೆ ಬರುತ್ತಿದೆ, ಎಲ್ಲಿ ಬರುತ್ತಿದೆ, ಯಾವಾಗ ಬರುತ್ತಿದೆ? ಈ ಮೂರು ಪ್ರಶ್ನೆಗೆ ಉತ್ತರ ಬರೆದಿಡುತ್ತಾ ಹೋದರೆ, ಕಾಯಿಲೆ ಎಲ್ಲಿಂದ ಬಂತು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಹೀಗೆ ಬರೆದಿಟ್ಟವರಿಗೆಲ್ಲ ಒಂದು ವಿಷಯ ಕಾಣಿಸಿದೆ. ಕಾಯಿಲೆ ಎಲ್ಲರ ಮನೆಗೂ ಒಂದೇ ಸಮ ಹೋಗುವುದಿಲ್ಲ. ಕೂಲಿ ಕಡಿಮೆ ಇರುವ ಮನೆಗೆ, ಸೋರುವ ಮನೆಗೆ, ಬಸ್ಸು ಬಾರದ ಆದಿವಾಸಿ ಹಾಡಿಗೆ ಮೊದಲು ಹೋಗುತ್ತದೆ, ಜಾಸ್ತಿ ದಿನ ಅಲ್ಲೇ ಇರುತ್ತದೆ.

ಇದು ಹೊಸ ವಿಚಾರ ಏನಲ್ಲ. 1848ರಲ್ಲಿ ಯುರೋಪಿನ ಪ್ರಷ್ಯ ದೇಶದ ಅಪ್ಪರ್ ಸೈಲೀಷಿಯಾ ಅನ್ನುವ ಕಡೆ ಟೈಫಸ್ ಜ್ವರ ಬಂದು ಜನ ಸಾಯುತ್ತಿದ್ದರು. ಸರ್ಕಾರ ರುಡಾಲ್ಫ್ ವಿರ್ಚೋ ಎಂಬ ಡಾಕ್ಟರನ್ನು ಅಲ್ಲಿಗೆ ಕಳಿಸಿತು. ಅವರಿಗೆ ಆಗ 26 ವರ್ಷ. ಔಷಧಿಯ ಪಟ್ಟಿ ತರುತ್ತಾರೆ ಅಂತ ಸರ್ಕಾರ ಕಾದಿತ್ತು. ಅವರು ಬರೆದಿದ್ದು ಬೇರೆ. ಜನರಿಗೆ ಶಾಲೆ ಬೇಕು, ರಸ್ತೆ ಬೇಕು, ಹೊಟ್ಟೆ ತುಂಬುವಷ್ಟು ದುಡಿಮೆ ಬೇಕು, ತಮ್ಮ ವಿಷಯವನ್ನು ತಾವೇ ತೀರ್ಮಾನಿಸುವ ಹಕ್ಕು ಬೇಕು ಅಂತ ಬರೆದರು. ಸರ್ಕಾರಕ್ಕೆ ಅದು ಹಿಡಿಸಲಿಲ್ಲ. ಆದರೆ ಅವರು ಬರೆದದ್ದು ಸರಿಯಾಗಿಯೇ ಇತ್ತು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೈಕಲ್ ಮಾರ್ಮಟ್ ಎಂಬ ಸಾರ್ವಜನಿಕ ಆರೋಗ್ಯ ತಜ್ಞರ ಮುಂದಾಳತ್ವದಲ್ಲಿ ಇದಕ್ಕೆಂದೇ ಒಂದು ಆಯೋಗ ಮಾಡಿತು. 2008ರಲ್ಲಿ ಆ ಆಯೋಗ ಕೊಟ್ಟ ವರದಿಯ ಸಾರವೂ ಅದೇ. ಹುಟ್ಟುವ, ಬೆಳೆಯುವ, ದುಡಿಯುವ ಜಾಗ ಹೇಗಿದೆಯೋ ಆರೋಗ್ಯವೂ ಹಾಗೇ ಇರುತ್ತದೆ. ಇವಕ್ಕೆ ಆರೋಗ್ಯದ ಸಾಮಾಜಿಕ ಕಾರಣಗಳು ಅಂತ ಹೆಸರು.

ಹೆಸರು ಮರೆತುಹೋದರೂ ಚಿಂತೆ ಇಲ್ಲ. ನಾನು ಹೇಳುವ ಒಂದು ಮಾತು ನೆನಪಿಟ್ಟುಕೊಳ್ಳಿ. ಮೊದಲು ಅನುಕೂಲ, ಆಮೇಲೆ ಬುದ್ಧಿಮಾತು.

ಒಂದು ಉದಾಹರಣೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು, ಆದರೂ ಪೂರ್ತಿ ಹೇಳಬೇಕು.

ದಕ್ಷಿಣ ಕೊಡಗಿನ ಒಂದು ಕಾಫಿ ತೋಟ. ಅಲ್ಲಿ ಕಾರ್ಮಿಕರಿಗೆ ಒಂದು ಸಾಲು ಲೈನ್ ಮನೆಗಳು. ಆಟಿ ಮಳೆ ಹಿಡಿದಿತ್ತು. ಆ ಲೈನಿನ ಮಕ್ಕಳು ಭೇದಿ ಅಂತ ಪದೇ ಪದೇ ಆರೋಗ್ಯ ಕೇಂದ್ರಕ್ಕೆ ಬರುತ್ತಿದ್ದರು. ಓಆರ್‌ಎಸ್ ಪೊಟ್ಟಣ ಕೊಟ್ಟಿದ್ದಾಯಿತು, ಜಿಂಕ್ ಮಾತ್ರೆ ಕೊಟ್ಟಿದ್ದಾಯಿತು. ಮಕ್ಕಳು ಹುಷಾರಾಗುತ್ತಿದ್ದರು. ಮನೆಗೆ ಹೋಗಿ ಅದೇ ನೀರು ಕುಡಿದು ಮತ್ತೆ ಬರುತ್ತಿದ್ದರು. ಔಷಧಿಯಲ್ಲಿ ತಪ್ಪಿಲ್ಲ, ಸಿಬ್ಬಂದಿಯಲ್ಲೂ ತಪ್ಪಿಲ್ಲ. ರಿಜಿಸ್ಟರ್ ತಿರುವಿ ನೋಡಿದರೆ ವಿಳಾಸದ ಜಾಗದಲ್ಲಿ ಮತ್ತೆ ಮತ್ತೆ ಅದೇ ಲೈನ್.

ಆಶಾ ಕಾರ್ಯಕರ್ತೆಯ ಜೊತೆ ನಾನು ಅಲ್ಲಿಗೆ ಹೋದೆ. ಸಿಲ್ವರ್ ಮರಗಳ ನಡುವೆ ಇಳಿಜಾರು ದಾರಿ, ಕಾಲಿಟ್ಟಲ್ಲೆಲ್ಲ ಜಿಗಣೆ. ಲೈನಿನ ಮೊದಲ ಮನೆಯ ಗೋಡೆ ಮೇಲೆ ಒಂದು ಪೋಸ್ಟರ್ ಅಂಟಿಸಿದ್ದರು. 'ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ' ಅಂತ. ಅದರ ಕೆಳಗೇ ಒಬ್ಬ ತಾಯಿ ಒಲೆ ಹಚ್ಚುತ್ತಾ ಕೂತಿದ್ದಳು. ಸೌದೆ ಹಸಿ. ಊದುಗೊಳವೆ ಹಿಡಿದು ಊದುತ್ತಾಳೆ, ಹೊಗೆ ಬರುತ್ತದೆ, ಬೆಂಕಿ ಹತ್ತುವುದಿಲ್ಲ. ಸೌದೆಯ ತುದಿಯಿಂದ ನೀರು ಗುಳ್ಳೆ ಗುಳ್ಳೆಯಾಗಿ ಬರುತ್ತಿತ್ತು. ಬೆನ್ನಿಗೆ ಕಟ್ಟಿಕೊಂಡ ಮಗು ಆ ಹೊಗೆಯಲ್ಲೇ ಕೆಮ್ಮುತ್ತಿತ್ತು. ಮೂಲೆಯಲ್ಲಿ ಗ್ಯಾಸ್ ಸಿಲಿಂಡರ್ ಇತ್ತು, ಖಾಲಿ. ಯಾಕಮ್ಮಾ ತುಂಬಿಸಿಲ್ಲ ಅಂತ ಕೇಳಿದೆ. ಮಳೆ ಜೋರಾದರೆ ಕೆಲಸಕ್ಕೆ ಕರೆಯೋದಿಲ್ಲ, ಕೆಲಸ ಇಲ್ಲದ ವಾರ ಸಿಲಿಂಡರ್ ಎಲ್ಲಿಂದ ತರಲಿ ಅಂದಳು. ಆಮೇಲೆ ಆಕೆ ಹೇಳಿದ ಮಾತನ್ನು ನಾನು ಎಲ್ಲಾ ತರಬೇತಿಗಳಲ್ಲೂ ಹೇಳುತ್ತೇನೆ. "ಅನ್ನ ಬೇಯೋದೇ ಕಷ್ಟ, ಇದರಲ್ಲಿ ನೀರು ಬೇರೆ ಕುದಿಸಲಾ?"

ನೋಡಿ, ಆಕೆಗೆ ನೀರು ಕುದಿಸಬೇಕು ಅಂತ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ಆಕೆಯ ಹತ್ತಿರ ಇಲ್ಲದಿದ್ದದ್ದು ಒಣ ಸೌದೆ.

ಆಮೇಲೆ ನೀರಿನ ಮೂಲ ನೋಡಲು ಹೋದೆವು. ಮೇಲಿನ ಒರತೆಯಿಂದ ಕಪ್ಪು ಪೈಪು ಬಂದು ಸಿಮೆಂಟ್ ತೊಟ್ಟಿಗೆ ಬೀಳುತ್ತದೆ. ತೊಟ್ಟಿಗೆ ಮುಚ್ಚಳ ಇಲ್ಲ. ಕೊಳೆತ ಎಲೆ ತೇಲುತ್ತಿತ್ತು. ಲೈನಿನ ಶೌಚಾಲಯಗಳು ತೊಟ್ಟಿಗಿಂತ ಮೇಲಿನ ದಿಬ್ಬದಲ್ಲಿವೆ. ಎರಡಕ್ಕೆ ಬಾಗಿಲೇ ಇಲ್ಲ. ಮಳೆಗೆ ಗುಂಡಿ ತುಂಬಿ ಹರಿದರೆ ಆ ನೀರು ಎಲ್ಲಿಗೆ ಹೋಗಬೇಕು ಹೇಳಿ?

ಆರೋಗ್ಯ ಇಲಾಖೆಯವರು ನೀರು ಪರೀಕ್ಷೆಗೆ ಬಳಸುವ ಒಂದು ಪುಟ್ಟ ಗಾಜಿನ ಬಾಟಲಿ ಇದೆ. ಎಚ್‌ಟುಎಸ್ ಬಾಟಲಿ ಅಂತಾರೆ. ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ ಸಾಕು. ನೀರಿನಲ್ಲಿ ಮಲದ ರೋಗಾಣು ಇದ್ದರೆ ಅದು ಕಪ್ಪಾಗುತ್ತದೆ. ಆ ಚಳಿಯಲ್ಲಿ ಬೆಚ್ಚಗಿನ ಜಾಗ ಅಂದರೆ ಒಲೆಯ ಪಕ್ಕದ ಗೂಡು. ಅಲ್ಲೇ ಇಟ್ಟು ಬಂದೆವು. ಮರುದಿನ ನೋಡಿದರೆ ಬಾಟಲಿ ಮಸಿಯಷ್ಟು ಕಪ್ಪು. ಅದನ್ನು ತೋಟದ ಮಾಲೀಕರ ಮೇಜಿನ ಮೇಲೆ ಇಟ್ಟೆವು. ಅವರು ಮೊದಲು ಹೇಳಿದ್ದು, "ಡಾಕ್ಟ್ರೇ, ಈ ಜನಕ್ಕೆ ಸ್ವಚ್ಛತೆ ಅಂದರೆ ಗೊತ್ತಿಲ್ಲ, ಸ್ವಲ್ಪ ಬುದ್ಧಿ ಹೇಳಿ" ಅಂತ.

ಈ ಮಾತು ಕೇಳಿದಾಗಲೆಲ್ಲ ನನಗೆ ಬೇಸರ ಆಗುತ್ತದೆ. ಇದನ್ನು ಎಲ್ಲಾ ಕಡೆ ಕೇಳಿದ್ದೇನೆ. ದಯವಿಟ್ಟು ಇನ್ನು ಮೇಲೆ ಹೇಳಬೇಡಿ. ಮುಚ್ಚಳ ಇಲ್ಲದ ತೊಟ್ಟಿ, ಬಾಗಿಲಿಲ್ಲದ ಶೌಚಾಲಯ, ಹಸಿ ಸೌದೆ ಕೊಟ್ಟು ಸ್ವಚ್ಛತೆ ಕಲಿಸಲು ಯಾರಿಂದಲೂ ಆಗುವುದಿಲ್ಲ. ಮೊದಲು ಅನುಕೂಲ, ಆಮೇಲೆ ಬುದ್ಧಿಮಾತು.

ಆ ಮಾಲೀಕರು ಒಳ್ಳೆಯವರೇ. ಬಾಟಲಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ ಮೇಲೆ ಅವರ ಮಾತಿನ ಧಾಟಿ ಬದಲಾಯಿತು. ಆ ವಾರವೇ ತೊಟ್ಟಿಗೆ ಮುಚ್ಚಳ ಬಂತು, ಬ್ಲೀಚಿಂಗ್ ಪುಡಿ ಬಂತು. ಮಳೆ ಬಿಟ್ಟ ಮೇಲೆ ಶೌಚಾಲಯವನ್ನು ತೊಟ್ಟಿಗಿಂತ ಕೆಳಗೆ, ದೂರದಲ್ಲಿ ಕಟ್ಟಿಸಿದರು. ಇನ್ನೊಂದು ಕೆಲಸ ಮಾಡಿದರು. ನನಗೆ ಅದೇ ಎಲ್ಲಕ್ಕಿಂತ ಇಷ್ಟ. ಮಳೆಗಾಲಕ್ಕೆ ಮುಂಚೆ ತೋಟದಲ್ಲಿ ಮರಕಪಾತು, ಅಂದರೆ ನೆರಳು ಮರದ ಕೊಂಬೆ ಕಡಿಸುವ ಕೆಲಸ, ಮಾಡಿಸುತ್ತೀರಿ ಅಲ್ವಾ? ಆಗ ಬೀಳುವ ಕೊಂಬೆಯೇ ಲೈನಿನವರಿಗೆ ಸೌದೆ. ಅದನ್ನು ಬಯಲಲ್ಲಿ ರಾಶಿ ಹಾಕಿದರೆ ಜೂನ್ ಮೊದಲ ಮಳೆಗೇ ನೆನೆದು ಹೋಗುತ್ತದೆ. ಅವರು ಲೈನಿನ ಕೊನೆಗೆ ನಾಲ್ಕು ಕಂಬ ನೆಟ್ಟು ತಗಡಿನ ಶೀಟು ಹಾಕಿಸಿದರು. ಕಡಿದ ಕೊಂಬೆಯನ್ನು ತುಂಡು ಮಾಡಿ ಅದರಡಿ ಪೇರಿಸಿಟ್ಟರು. ಅಷ್ಟೇ. ಮರುವರ್ಷ ಆಟಿಯಲ್ಲಿ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಆ ಲೈನಿನ ಹೆಸರು ಅಪರೂಪಕ್ಕೆ ಕಾಣುತ್ತಿತ್ತು. ಮಕ್ಕಳ ಕೆಮ್ಮೂ ಕಡಿಮೆಯಾಯಿತು, ಯಾಕೆಂದರೆ ಒಣ ಸೌದೆಗೆ ಹೊಗೆ ಕಡಿಮೆ. ತಗಡಿನ ಶೀಟನ್ನು ಯಾರೂ ಔಷಧಿ ಅಂತ ಕರೆಯುವುದಿಲ್ಲ. ನಾನು ಕರೆಯುತ್ತೇನೆ.

ತೋಟದ ಮಾಲೀಕರು ಇದನ್ನು ಉಪಕಾರ ಅಂತ ತಿಳಿಯಬಾರದು. ಕುಡಿಯುವ ನೀರು, ಶೌಚಾಲಯ, ಮನೆ, ಚಿಕಿತ್ಸೆ ಇವೆಲ್ಲ ತೋಟ ಕಾರ್ಮಿಕರಿಗೆ ಸಿಗಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಆಗ ನಮ್ಮ ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿತ್ತು. ಅಷ್ಟು ಹಳೆಯ ಮಾತು ಇದು.

ಸಮಯ ಓಡುತ್ತಿದೆ. ಕ್ಷಯದ ಬಗ್ಗೆ ತುಂಬಾ ಹೇಳಬೇಕು ಅಂದುಕೊಂಡಿದ್ದೆ, ಚುಟುಕಾಗಿ ಹೇಳುತ್ತೇನೆ. ಜಾರ್ಖಂಡಿನ 4 ಜಿಲ್ಲೆಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು, 2023ರಲ್ಲಿ ಅದರ ಫಲಿತಾಂಶ ಬಂತು. ಕ್ಷಯ ಇರುವವರ ಮನೆಮಂದಿಗೆ ತಿಂಗಳು ತಿಂಗಳು ಅಕ್ಕಿ, ಬೇಳೆ, ಜೊತೆಗೆ ವಿಟಮಿನ್ ಮಾತ್ರೆ ಕೊಟ್ಟರು. ಆರು ತಿಂಗಳು ಕೊಟ್ಟರು, ಅಷ್ಟೇ. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದವರ ಸಂಖ್ಯೆ ಉಳಿದ ಮನೆಗಳಿಗಿಂತ ಸುಮಾರು ಶೇಕಡ 40ರಷ್ಟು ಕಡಿಮೆ. ಅಕ್ಕಿ, ಬೇಳೆ! ನಮ್ಮ ಯರವರ, ಜೇನು ಕುರುಬರ, ಬೆಟ್ಟ ಕುರುಬರ ಹಾಡಿಗಳಲ್ಲಿ ಒಬ್ಬರಿಗೆ ಕ್ಷಯ ಬಂದರೆ ಮಾತ್ರೆ ಮನೆಗೆ ಬರುತ್ತದೆ, ಸಂತೋಷ. ಆ ಮನೆಯ ರೇಷನ್ ಕಾರ್ಡ್ ಸರಿ ಇದೆಯಾ, ಮಕ್ಕಳ ತಟ್ಟೆಯಲ್ಲಿ ಬೇಳೆ ಇದೆಯಾ ಅಂತ ಯಾರು ನೋಡುತ್ತಾರೆ? ಚೆನ್ನಾಗಿ ತಿನ್ನಿ ಅಂತ ಹೇಳುವುದು ಸುಲಭ. ಇಲ್ಲೂ ಅದೇ, ಮೊದಲು ಅನುಕೂಲ.

ಆನೆ ವಿಷಯವೂ ಇದೆ. ಸಂಜೆ ಆದ ಮೇಲೆ ಆನೆ ಬರುವ ತೋಟಗಳಲ್ಲಿ ಶೌಚಾಲಯ ಮನೆಯಿಂದ ದೂರ ಇದ್ದರೆ ಹೆಂಗಸರು ರಾತ್ರಿ ಹೊರಗೆ ಹೋಗುವುದಿಲ್ಲ. ಹೋಗಬಾರದು ಅಂತ ಮಧ್ಯಾಹ್ನದಿಂದಲೇ ನೀರು ಕುಡಿಯುವುದು ಕಡಿಮೆ ಮಾಡುತ್ತಾರೆ. ಆಮೇಲೆ ಉರಿಮೂತ್ರ ಅಂತ ಬರುತ್ತಾರೆ. 'ನೀರು ಚೆನ್ನಾಗಿ ಕುಡೀರಿ' ಅಂತ ಚೀಟಿಯಲ್ಲಿ ಬರೆದರೆ ಏನು ಪ್ರಯೋಜನ? ಅಲ್ಲಿ ಬೇಕಾಗಿರುವುದು ಮನೆಗೆ ಅಂಟಿಕೊಂಡ ಶೌಚಾಲಯ, ಒಂದು ದೀಪ.

ಈಗ ಕೆಲಸದ ಮಾತು. ಪಂಚಾಯಿತಿ ಸದಸ್ಯರು, ಸ್ವಸಹಾಯ ಸಂಘದವರು, ತೋಟದ ರೈಟರು, ಮೇಸ್ತ್ರಿಗಳು ದಯವಿಟ್ಟು ಪೆನ್ನು ತಗೊಳ್ಳಿ. ಮೇ ತಿಂಗಳ ಒಳಗೆ ನಿಮ್ಮ ಊರಿನ, ತೋಟದ ಎಲ್ಲಾ ನೀರಿನ ತೊಟ್ಟಿಗಳನ್ನು ಖಾಲಿ ಮಾಡಿ ಉಜ್ಜಿ ತೊಳೆಸಿ. ಮುಚ್ಚಳ ಹಾಕಿಸಿ. ಶೌಚಾಲಯದ ಗುಂಡಿ ಬಾವಿಯಿಂದ ಕಡಿಮೆ ಅಂದರೆ 15 ಮೀಟರ್ ದೂರ ಇರಲಿ, ಬಾವಿಗಿಂತ ಕೆಳಗಿರಲಿ. ಮಳೆಗಾಲದಲ್ಲಿ 1000 ಲೀಟರ್ ತಿಳಿ ನೀರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಬೇಕು. ಪುಡಿಯನ್ನು ನೇರ ತೊಟ್ಟಿಗೆ ಸುರಿಯಬೇಡಿ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಹಾಕಿ. ಒಂದು ಗಂಟೆ ಬಿಟ್ಟು ಬಳಸಿ. ಪುಡಿಯ ಚೀಲ ಹಳೆಯದಾಗಿದ್ದರೆ ಅದರಲ್ಲಿ ಶಕ್ತಿ ಇರುವುದಿಲ್ಲ, ಹೊಸದು ತನ್ನಿ. ಮರಕಪಾತಿನ ಸೌದೆಗೆ ಒಂದು ಸೂರು ಮಾಡಿಸಿ.

ದುಡ್ಡು ಎಲ್ಲಿಂದ ಅಂತ ಕೇಳುವವರಿಗೆ ಒಂದು ದಾರಿ ಇದೆ. ಪ್ರತಿ ಊರಲ್ಲೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಅಂತ ಇರಬೇಕು. ಇಂಥ ಸಣ್ಣ ಕೆಲಸಗಳಿಗೆಂದೇ ಆ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಹಣ ಕೊಡುವ ವ್ಯವಸ್ಥೆ ಇದೆ. ನಿಮ್ಮ ಊರಿನ ಸಮಿತಿ ಕೊನೆಯದಾಗಿ ಯಾವಾಗ ಸೇರಿತ್ತು ಅಂತ ನಾಳೆಯೇ ಆಶಾ ಕಾರ್ಯಕರ್ತೆಯನ್ನು ಕೇಳಿ. ಏಪ್ರಿಲ್‌ನಲ್ಲಿ ಸಭೆ ಕರೆಸಿ, ಲೈನಿನಿಂದ ಒಬ್ಬರನ್ನು, ಹಾಡಿಯಿಂದ ಒಬ್ಬರನ್ನು ಕೂರಿಸಿಕೊಳ್ಳಿ. ಅವರ ತೊಟ್ಟಿಯನ್ನು ಯಾವತ್ತು ತೊಳೆಸುತ್ತೀರಿ ಅಂತ ತಾರೀಕು ಸಮೇತ ನಡಾವಳಿ ಪುಸ್ತಕದಲ್ಲಿ ಬರೆಸಿ.

ನಮಸ್ಕಾರ.